ಖಾಲಿ ಕರಡಿಗೆ

ಬಂಗಾರೆವ್ವ ಕರಡಿಗೆಯ ಮುಚ್ಚಳ ತೆಗೆದರು, ಒಳಗೆ ನೋಡಿದರು, ಮುಚ್ಚಿದರು. ಮತ್ತೆ ತೆಗೆದರು. ಆಮೇಲೆ ಅದನ್ನು ಹಾಗೇ ನನ್ನ ಕಡೆ ಚಾಚಿದರು.

ನಿಂಬೆಹಣ್ಣಿನ ಗಾತ್ರದ ಬೆಳ್ಳಿಯ ಡಬ್ಬಿ. ಒಳಗೆ ಏನೂ ಇರಲಿಲ್ಲ.

"ಲಿಂಗ ಎಲ್ಲೈತಿ ತಂಗಿ?" ಎಂದು ಕೇಳಿದರು.

ಶವಾಗಾರದ ಹಿಂದಿನ ಕೋಣೆಯಲ್ಲಿ ಅವರ ಗಂಡ ಶಿವರುದ್ರಪ್ಪ ಮಡಿ ಧೋತರ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು ಮಲಗಿದ್ದರು. ಸುಟ್ಟ ಅಂಗೈ ಕಾಣದಿರಲೆಂದು ಯಾರೋ ಕೈಗಳನ್ನು ಶಲ್ಯದಿಂದ ಮುಚ್ಚಿದ್ದರು. ಹೋದ ಶನಿವಾರ ಅಲಮೀಡಾದ ಧಕ್ಕೆಯಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಎರಡನೆಯ ಮಹಾಯುದ್ಧದ ಜಲಾಂತರ್ಗಾಮಿ 'ರಾಕ್‌ಫಿಶ್' ಒಳಗೆ, ಕರೆಂಟಿನ ಪ್ಯಾನೆಲ್ ಮುಂದೆ ಅವರು ಸತ್ತು ಬಿದ್ದಿದ್ದರು. ಶಾಕ್ ಹೊಡೆದ ಅಪಘಾತ ಎಂದು ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಒಪ್ಪಿಕೊಂಡಿದ್ದರು.

ಒಪ್ಪದಿರುವುದು ನನ್ನ ಹೊಟ್ಟೆಪಾಡು. ಹಳೆಯ ಹಡಗುಗಳಿಗೆ ವಿಮೆ ಕೊಡುವ ಕಂಪನಿಯೊಂದಕ್ಕೆ ತನಿಖೆ ಮಾಡುತ್ತೇನೆ. ಹೆಸರು ಪ್ರಫುಲ್ಲಾ, ಊರು ಉಡುಪಿ. ವಿಮೆಯವಳು ಸಾವಿನ ಮನೆಗೆ ಬಂದರೆ ಜನ ಮುಖ ತಿರುಗಿಸುತ್ತಾರೆ, ಅದು ನನಗೆ ಅಭ್ಯಾಸವಾಗಿದೆ. ಬಂಗಾರೆವ್ವ ಮಾತ್ರ ಮೊದಲ ದಿನವೇ ನನ್ನನ್ನು ತಂಗಿ ಎಂದಿದ್ದರು. ಈ ಪರದೇಶದಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳುವ ಅಧಿಕಾರಿ ಸಿಕ್ಕಳಲ್ಲ ಎಂಬುದೇ ಅವರಿಗೆ ಒಂದು ಆಸರೆಯಾಗಿತ್ತು.

ಶವಪರೀಕ್ಷೆ ಮಾಡಿದ ಕೌಂಟಿಯ ಆಫೀಸಿನವರು ಆ ಕರಡಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸೀಲು ಮಾಡಿ ಬೆಳಿಗ್ಗೆ ಕೊಟ್ಟಿದ್ದರು. ಸೀಲು ಕತ್ತರಿಸಿದವಳು ನಾನೇ. ಹೆಣದ ಕೊರಳಲ್ಲಿ ಹೇಗಿತ್ತೋ ಹಾಗೇ ಬಿಚ್ಚಿ ಚೀಲಕ್ಕೆ ಹಾಕಿದ್ದೇವೆ, ಮುಚ್ಚಳ ತೆಗೆದೇ ಇಲ್ಲ ಎಂದು ಅವರು ಫೋನಿನಲ್ಲಿ ಆಣೆ ಮಾಡಿ ಹೇಳಿದರು.

ಮಗಳು ಸ್ನೇಹಲ್ ನಂಬಲಿಲ್ಲ. ಕದ್ದಿದ್ದಾರೆ, ಇಲ್ಲ ಕಸದ ಬುಟ್ಟಿಗೆ ಎಸೆದಿದ್ದಾರೆ ಎಂದು ಹೇಳಿ ಪಾರ್ಕಿಂಗ್ ಲಾಟಿಗೆ ಹೋಗಿ ಯಾರಿಗೋ ಫೋನು ಹಚ್ಚಿ ಜಗಳಕ್ಕೆ ನಿಂತಳು. ಅವಳು ನೆವಾರ್ಕಿನ ಕಾರು ಕಂಪನಿಯಲ್ಲಿ ದೊಡ್ಡ ಎಂಜಿನಿಯರು. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಒಗ್ಗುವ ಕರೆಂಟಾಗಿ ಬದಲಿಸುವ ಪೆಟ್ಟಿಗೆ ಮಾಡುವುದು ಅವಳ ಕೆಲಸ. ಅಪ್ಪ ಸತ್ತ ದಿನದಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಕೆಲವರಿಗೆ ದುಃಖ ಸಿಟ್ಟಾಗಿ ಬರುತ್ತದೆ, ಇವಳೂ ಹಾಗೇ ಎಂದುಕೊಂಡಿದ್ದೆ.

ಅವಳ ಗಂಡ ಆಕಾಶ ಗೋಡೆಗೆ ಒರಗಿ ನಿಂತಿದ್ದ. ಮಾವನ ಮುಖ ನೋಡಲು ಅವನಿಂದ ಆಗುತ್ತಿರಲಿಲ್ಲ. ಖಾಲಿ ಕರಡಿಗೆಯ ಮೇಲೆ ಒಮ್ಮೆ ಕಣ್ಣು ಬಿತ್ತು, ಮುಖ ಬಿಳಿಚಿಕೊಂಡಿತು. ನಾನು ಅದನ್ನು ಗಮನಿಸಿದೆ.

"ಮಣ್ಣು ಮಾಡೋದು ಮೂರಕ್ಕ ಅಂದಾರ," ಬಂಗಾರೆವ್ವ ಹೇಳಿದರು. "ಲಿಂಗ ಸಿಗೂತನಕ ಇವರನ್ನ ಕಳಸಾಂಗಿಲ್ಲ ನಾ. ಎಳಿಕೂಸಿದ್ದಾಗ ಕಟ್ಟಿದ್ದು ಅದು. ಉಂಡಾಗ, ಮಲಗಿದಾಗ, ಒಂದ್ ದಿನಾನೂ ಮೈಮ್ಯಾಲಿಂದ ಬಿಟ್ಟಿಲ್ಲ. ಎಡಗೈಯಾಗ ಅದನ್ನ ಹಿಡದು ಹೋಗಬೇಕು. ಬರಿಗೈಲೆ ಹ್ಯಾಂಗ ಕಳಸ್ಲಿ?"

ಹೇಳುವಾಗ ಅವರ ದನಿ ಏರಲಿಲ್ಲ. ನಲವತ್ತೈದು ವರ್ಷ ಬುತ್ತಿ ಕಟ್ಟಿ ಕಳಿಸಿದ ಹೆಂಗಸು ಇನ್ನೊಂದೇ ಒಂದು ವಸ್ತು ಕೊಟ್ಟು ಕಳಿಸಬೇಕಾಗಿತ್ತು, ಅದು ಕಳೆದುಹೋಗಿತ್ತು. ವಿಮೆಯ ಕೆಲಸಕ್ಕೂ ಇದಕ್ಕೂ ಏನೂ ಸಂಬಂಧವಿರಲಿಲ್ಲ, ಆದರೂ ಹುಡುಕಿ ತರುತ್ತೇನೆ ಎಂದುಬಿಟ್ಟೆ.

ಕೊನೆಯ ಸಲ ಅದನ್ನು ಯಾವಾಗ ನೋಡಿದಿರಿ ಎಂದು ಕೇಳಿದೆ. ಶನಿವಾರ ಮುಂಜಾನೆ, ಪೂಜೆಯ ಹೊತ್ತಿನಲ್ಲಿ ಎಂದರು. ಆಮೇಲೆ ಆಕಾಶನ ಕಡೆ ಬೆನ್ನು ಮಾಡಿ, ನನ್ನ ಮೊಣಕೈ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು.

ಅಲ್ಲಿ ಹೇಳಿದ ಮಾತಿನಿಂದ ನನ್ನ ತನಿಖೆ ದಿಕ್ಕು ಬದಲಿಸಿತು. ಶಿವರುದ್ರಪ್ಪನವರು ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನಲ್ಲಿ ರೈಲು ಎಂಜಿನ್ನುಗಳ ಕರೆಂಟಿನ ವಿಭಾಗ ನೋಡಿಕೊಂಡವರು, ನಿವೃತ್ತರಾಗಿ ಮಗಳ ಮನೆಗೆ ಬಂದವರು. ಲಿಂಗ ಬಿಡುವಂತಿಲ್ಲ, ಬೆಳ್ಳಿ ಹಾಕಿಕೊಂಡು ಕರೆಂಟಿನ ಮುಂದೆ ಬಗ್ಗುವಂತಿಲ್ಲ. ಅದಕ್ಕೆ ಅವರೇ ಒಂದು ದಾರಿ ಕಂಡುಕೊಂಡಿದ್ದರು. ಯಂತ್ರ ಬಿಚ್ಚುವ ಮೊದಲು ಲಿಂಗವನ್ನು ಕರಡಿಗೆಯಿಂದ ತೆಗೆದು ಬಟ್ಟೆಯ ಚೀಲಕ್ಕೆ ಹಾಕಿ, ಹತ್ತಿಯ ದಾರದಲ್ಲಿ ಕೊರಳಿಗೆ ಕಟ್ಟಿ ಅಂಗಿಯೊಳಗೆ ಬಿಟ್ಟುಕೊಳ್ಳುತ್ತಿದ್ದರು. ಖಾಲಿ ಕರಡಿಗೆ ಬುತ್ತಿಯ ಚೀಲದಲ್ಲಿರುತ್ತಿತ್ತು. ಕೆಲಸ ಮುಗಿದ ಮೇಲೆ ಮತ್ತೆ ಅದಲುಬದಲು.

"ಆ ಚೀಲ ಹೊಲದಾಕಿನೂ ನಾನಽ," ಎಂದರು ಬಂಗಾರೆವ್ವ.

"ಇದು ಇನ್ಯಾರಿಗೆ ಗೊತ್ತಮ್ಮ?"

"ಯಾರಿಗೂ ಇಲ್ಲ. ಅದು ಅವರ ಮತ್ತ ದೇವರ ನಡುವಿಂದು. ಮಕ್ಕಳ ಮುಂದೂ ಹೇಳಿಲ್ಲ."

ಹಾಗಾದರೆ ಲೆಕ್ಕ ಸರಳವಾಗಿತ್ತು. ಶನಿವಾರ ಶಿವರುದ್ರಪ್ಪ ಬಟ್ಟೆಯ ಚೀಲ ಕಟ್ಟಿಕೊಂಡು ಕೆಲಸಕ್ಕೆ ಇಳಿದಿದ್ದರು. ಸತ್ತ ಮೇಲೆ ಅವರ ಕೊರಳು ಬರಿದಾಗಿರುವುದನ್ನು ಯಾರೋ ನೋಡಿದ್ದಾರೆ. ಬುತ್ತಿಯ ಚೀಲದಿಂದ ಕರಡಿಗೆ ತೆಗೆದು, ಒಳಗೆ ಲಿಂಗ ಇದೆಯೆಂದೇ ನಂಬಿ, ಹೆಣದ ಕೊರಳಿಗೆ ಹಾಕಿದ್ದಾರೆ. ಕೊಂದವನಿಗೆ ಇಷ್ಟು ಭಕ್ತಿ ಎಲ್ಲಿಂದ ಬಂತು ಎಂದು ಯೋಚಿಸುತ್ತ ಕಾರು ಹತ್ತಿದೆ. ದಾರ ಹರಿದು ಬಟ್ಟೆಯ ಚೀಲ ಎಲ್ಲಿ ಬಿದ್ದಿದೆಯೋ ಅಲ್ಲೇ ಆ ಮನುಷ್ಯ ಸತ್ತದ್ದು.

ಇನ್ನೊಬ್ಬರ ಲಿಂಗವನ್ನು ಬರಿಗೈಯಿಂದ ಮುಟ್ಟಬಾರದು ಎಂದು ಬಂಗಾರೆವ್ವ ಕಾರಿನ ಬಾಗಿಲ ತನಕ ಬಂದು ಹೇಳಿದರು. ಒಗೆದ ಕರವಸ್ತ್ರ ಇದೆ ಎಂದು ತೋರಿಸಿದೆ.

ಅಲಮೀಡಾದ ಧಕ್ಕೆಯಲ್ಲಿ ಮ್ಯಾನಿ ಸಿಲ್ವೇರಾ ನನಗಾಗಿ ಕಾಯುತ್ತಿದ್ದ. ಸ್ಯಾನ್ ಲಿಯಾಂಡ್ರೋದ ಪೋರ್ಚುಗೀಸ್ ಮನೆತನದವನು, ಹಡಗುಗಳ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ರಾಕ್‌ಫಿಶ್‌ನ ಸ್ವಯಂಸೇವಕರಿಗೆಲ್ಲ ಅವನೇ ಯಜಮಾನ. ಶನಿವಾರ ಬೆಳಿಗ್ಗೆಯಿಂದ ಟಿಕೆಟ್ ಕಟ್ಟೆಯಲ್ಲಿ ಕೂತಿದ್ದೆ, ಸಾವಿನ ಸುದ್ದಿ ಕೇಳಿ ಓಡುವ ತನಕ ಹಡಗಿನೊಳಗೆ ಕಾಲಿಡಲಿಲ್ಲ ಎಂದು ಅವನು ಪೊಲೀಸರಿಗೆ ಹೇಳಿದ್ದ. ಟಿಕೆಟ್ ಕೊಂಡ ಜನ, ಪಕ್ಕದಲ್ಲಿ ಕೂತಿದ್ದ ಹೆಂಗಸು, ಎಲ್ಲರೂ ಹೌದೆಂದಿದ್ದರು. ಆದರೂ ನನ್ನ ಮೊದಲ ಅನುಮಾನ ಅವನ ಮೇಲೇ ಇತ್ತು, ಯಾಕೆಂದರೆ ಕೀಲಿಗಳೆಲ್ಲ ಅವನ ಸೊಂಟದಲ್ಲಿದ್ದವು.

ಕರಡಿಗೆಯ ಫೋಟೋ ತೋರಿಸಿ ಇದೇನು ಗೊತ್ತೇ ಎಂದು ಕೇಳಿದೆ. ಅವನು ಟೊಪ್ಪಿಗೆ ತೆಗೆದ. ಅದು ಹೃದಯದ ಮಾತ್ರೆಯ ಡಬ್ಬಿಯಲ್ಲವೇ, ನಾನು ಅವನನ್ನು ಕಂಡಾಗ ಮುಚ್ಚಳ ತೆಗೆದು ಒಂದು ಮಾತ್ರೆ ಬಾಯಿಗೆ ಹಾಕಿದ್ದರೆ ಬದುಕುತ್ತಿದ್ದನೋ ಏನೋ, ಅಂದಿನಿಂದ ಅದೇ ಯೋಚನೆ ಎಂದ. ದಪ್ಪ ದೇಹದ ಆ ಮುದುಕ ಕಣ್ಣೊರೆಸಿಕೊಂಡ. ಅವನ ಮೇಲಿನ ಅನುಮಾನ ನನಗೆ ಅಲ್ಲೇ ಕರಗಿತು. ಮಾತ್ರೆಯ ಡಬ್ಬಿ ಎಂದುಕೊಂಡವನು ಅದನ್ನು ಹುಡುಕಿ ಹೆಣದ ಕೊರಳಿಗೆ ಹಾಕುವುದಿಲ್ಲ.

ಒಳಗೆ ಇಳಿದೆವು. ಎಣ್ಣೆ, ಹಳೆಯ ರಬ್ಬರು, ಬೆವರು ಎಲ್ಲ ಕಲೆತ ವಾಸನೆ. ಶಿವರುದ್ರಪ್ಪ ಮೊದಲ ಸಲ ಮಗಳ ಜೊತೆ ಟಿಕೆಟ್ ಕೊಂಡು ಬಂದಿದ್ದರಂತೆ. ಡೀಸೆಲ್ ಎಂಜಿನ್ ಕಂಡವರೇ ಎಮ್ಮೆಯ ಬೆನ್ನು ತಟ್ಟುವ ಹಾಗೆ ತಟ್ಟಿ, ಇದು ನಮ್ಮ ರೈಲೇ, ನೀರಿಗೆ ಬಿದ್ದಿದೆ ಅಷ್ಟೇ ಎಂದರಂತೆ. ಸುಳ್ಳಲ್ಲ. ರೈಲಿನಲ್ಲೂ ಇಲ್ಲೂ ಡೀಸೆಲ್ ಎಂಜಿನ್ ನೇರವಾಗಿ ಗಾಲಿಯನ್ನಾಗಲಿ ಪ್ರೊಪೆಲ್ಲರನ್ನಾಗಲಿ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸಿ ಕರೆಂಟು ಹುಟ್ಟಿಸುತ್ತದೆ, ಕರೆಂಟು ಮೋಟಾರನ್ನು ತಿರುಗಿಸುತ್ತದೆ. ಮರುವಾರದಿಂದ ಶನಿವಾರ ತಪ್ಪಿಸದೆ ರಿಪೇರಿಯ ಸೇವೆಗೆ ಬಂದರು. ಮಗಳನ್ನೂ ಅಳಿಯನನ್ನೂ ಎಳೆತಂದರು.

ಶಿವರುದ್ರಪ್ಪ ಮಗಳಿಗೆ ಪ್ಯಾನೆಲ್ ಕಲಿಸಿದ, ಅಳಿಯನಿಗೆ ಎಂಜಿನ್ ಕಲಿಸಿದ ಎಂದು ಮ್ಯಾನಿ ನೆನಪಿಸಿಕೊಂಡ. ಮಗಳಿಗೆ ಕರೆಂಟು, ಅಳಿಯನಿಗೆ ಎಣ್ಣೆ ಎಂದು ತಮಾಷೆ ಮಾಡುತ್ತಿದ್ದನಂತೆ. ಅಳಿಯ ಪ್ಯಾನೆಲ್ ಹತ್ತಿರ ಬಂದರೆ ಕೈಗೆ ಒಂದು ಏಟು ಕೊಡುತ್ತಿದ್ದನಂತೆ. ಅದನ್ನು ಹೇಳುವಾಗ ಮ್ಯಾನಿ ಸ್ವಲ್ಪ ನಕ್ಕ.

ಎಂಜಿನ್ ಕೋಣೆಗಳು ಎರಡು, ಒಂದರ ಹಿಂದೆ ಒಂದು. ಹಿಂದಿನ ಕೋಣೆ ದಾಟಿದರೆ ಪ್ಯಾನೆಲ್ ಕೋಣೆ: ಗೋಡೆಯ ತುಂಬ ಮೀಟರುಗಳು, ಮೊಣಕಾಲೆತ್ತರದಿಂದ ಎದೆಯೆತ್ತರದ ತನಕ ಉದ್ದನೆಯ ಲಿವರುಗಳು. ಹೆಣ ಬಿದ್ದಿದ್ದ ಜಾಗವನ್ನು ಮ್ಯಾನಿ ತೋರಿಸಿದ. ಅಲ್ಲಿ ಹುಡುಕಲು ಏನೂ ಇರಲಿಲ್ಲ. ಉಜ್ಜಿ ತೊಳೆದ ನೆಲ, ಒಂದು ಸಂದಿಯೂ ಇಲ್ಲ.

ಶಿವರುದ್ರಪ್ಪ ಆ ದಿನ ಯಾವ ಕೆಲಸ ಹಿಡಿದಿದ್ದರು ಎಂದು ಕೇಳಿದೆ. ಹಿಂದಿನ ಎಂಜಿನ್ ಕೋಣೆಯ ನೆಲದಡಿ ಇರುವ ಮೋಟಾರ್-ಜನರೇಟರ್ ಸೆಟ್ಟು ಎಂದ. ಆದರೆ ಶನಿವಾರ ಅದರ ಮೇಲಿನ ತಗಡು ಮುಚ್ಚಿಯೇ ಇತ್ತು, ಅವನು ಕೆಲಸ ಶುರು ಮಾಡುವ ಮೊದಲೇ ಸತ್ತ ಎಂದು ಎಲ್ಲರೂ ತಿಳಿದರು ಎಂದ.

ತೆಗೆಯಲು ಹೇಳಿದೆ.

ಮ್ಯಾನಿ ತಗಡು ಎತ್ತಿ ಪಕ್ಕಕ್ಕೆ ಸರಿಸಿದ. ಕೆಳಗೆ ಎಮ್ಮೆಕರುವಿನಷ್ಟು ದೊಡ್ಡ ಯಂತ್ರ, ಅದರ ಒಂದು ಬದಿಯ ಮುಚ್ಚಳ ಬಿಚ್ಚಿತ್ತು, ಸ್ಕ್ರೂಗಳು ಒಂದು ಚಿಂದಿಯ ಮೇಲೆ ಸಾಲಾಗಿ ಕೂತಿದ್ದವು. ಕೆಲಸ ಶುರುವಾಗಿತ್ತು. ನಾನು ಹೊಟ್ಟೆಯ ಮೇಲೆ ಮಲಗಿ ಟಾರ್ಚ್ ಬಿಟ್ಟೆ. ಯಂತ್ರದ ಬುಡ ಮತ್ತು ಹಡಗಿನ ಗೋಡೆಯ ನಡುವೆ, ಎಣ್ಣೆ ನಿಂತ ಜಾಗದಲ್ಲಿ, ಚಿಕ್ಕ ಬಟ್ಟೆಯ ಗಂಟು ಸಿಕ್ಕಿಕೊಂಡಿತ್ತು. ದಾರ ಹರಿದಿತ್ತು.

ಫೋಟೋ ತೆಗೆದು, ಕರವಸ್ತ್ರದಲ್ಲಿ ಹಿಡಿದು ಎತ್ತಿದೆ. ಒಳಗೆ ಗಟ್ಟಿಯಾಗಿ, ದುಂಡಗೆ ಇತ್ತು. ಬಂಗಾರೆವ್ವ ಹಾಕಿದ ಸಣ್ಣ ಸಣ್ಣ ಹೊಲಿಗೆ ಎಣ್ಣೆಯ ಕಪ್ಪಿನಲ್ಲೂ ಕಾಣುತ್ತಿತ್ತು. ನನಗೆ ಅಳು ಬಂತು.

ಮ್ಯಾನಿ ಮಾತ್ರ ಆ ಬಿಚ್ಚಿದ ಯಂತ್ರವನ್ನೇ ನೋಡುತ್ತಿದ್ದ. ಅವನಿಗೆ ಅರ್ಥವಾದದ್ದು ನನಗೆ ಇನ್ನೂ ಆಗಿರಲಿಲ್ಲ. ಬಿಡಿಸಿ ಹೇಳು ಎಂದೆ, ಹೇಳಿದ.

ದಡದಿಂದ ಬರುವ ಕರೆಂಟು ಎಸಿ. ಹಡಗಿನ ಹಳೆಯ ದೀಪ, ಫ್ಯಾನುಗಳಿಗೆ ಬೇಕಾದದ್ದು ಡಿಸಿ. ಈ ಯಂತ್ರ ನಡುವೆ ನಿಂತು ಒಂದನ್ನು ತಿಂದು ಇನ್ನೊಂದನ್ನು ಕೊಡುತ್ತದೆ. ಯುದ್ಧದ ಕಾಲದಲ್ಲಿ ಅದು ಕೆಲಸ ಮಾಡುತ್ತಿದ್ದದ್ದು ತಿರುವುಮುರುವಾಗಿ: ಹಡಗಿನ ಡಿಸಿ ತಿಂದು ರೇಡಿಯೋಗಳಿಗೆ ಎಸಿ ಕೊಡುತ್ತಿತ್ತು. ಅಂದರೆ ಯಂತ್ರ ಎರಡು ಕಡೆಯಿಂದಲೂ ಜೀವ ಪಡೆಯುತ್ತದೆ. ಶಿವರುದ್ರಪ್ಪ ದಡದ ಸ್ವಿಚ್ಚು ತೆಗೆದು, ಅದಕ್ಕೆ ತನ್ನ ಬೀಗ ಹಾಕಿ, ಕೀಲಿ ಜೇಬಿಗಿಟ್ಟು ಎಸಿ ಬದಿಯಲ್ಲಿ ಕೈಯಿಟ್ಟಿದ್ದಾನೆ. ಮುಂಬಾಗಿಲಿಗೆ ಬೀಗ ಹಾಕಿದ್ದ, ಹಿತ್ತಿಲಿನಿಂದ ಬಂದರು ಎಂದು ನಾನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡೆ.

ಹಿತ್ತಿಲಿನಿಂದ ಬರಬೇಕಾದರೆ ಹಡಗಿನ ಡೀಸೆಲ್ ಎಂಜಿನ್ ಓಡಿರಬೇಕು. ಅದನ್ನು ಓಡಿಸಲು ಬರುವವರು ಯಾರು ಎಂದು ಕೇಳಿದೆ. ನಾನು ಮತ್ತು ಅವನ ಅಳಿಯ ಎಂದ ಮ್ಯಾನಿ. ಶನಿವಾರ ಆಕಾಶ ಮುಂದಿನ ಎಂಜಿನ್ ಕೋಣೆಯಲ್ಲಿದ್ದ, ಒರೆಸುವ ಕೆಲಸ ಅಷ್ಟೇ ಎಂದಿದ್ದ. ಎಂಜಿನ್ ಸದ್ದು ಕೇಳಲಿಲ್ಲವೇ ಎಂದರೆ, ಅವತ್ತು ಪಕ್ಕದ ಧಕ್ಕೆಯಲ್ಲಿ ದೊಡ್ಡ ಹಡಗು ತಂದು ಕಟ್ಟಿದ್ದರು, ಎಲ್ಲ ಬರೀ ಗದ್ದಲ, ಯಾರು ಬಂದರು ಯಾರು ಹೋದರು ಎಂದೂ ತಿಳಿಯಲಿಲ್ಲ ಎಂದ.

ಹೊರಡುವಾಗ ಅವನು ನನ್ನ ತೋಳು ಹಿಡಿದು ಇನ್ನೊಂದು ಮಾತು ಹೇಳಿದ. ಎಂಜಿನ್ ಓಡಿದರಷ್ಟೇ ಸಾಲದು. ಪ್ಯಾನೆಲ್ ಕೋಣೆಯಲ್ಲಿ ಯಾರಾದರೂ ನಿಂತು ಜನರೇಟರಿನ ಲಿವರು ಎಳೆಯಬೇಕು. ಅಲ್ಲಿಯ ತನಕ ಎಂಜಿನ್ನು ಸುಮ್ಮನೆ ಶಬ್ದ ಮಾಡುತ್ತದೆ, ಒಂದು ದೀಪವೂ ಹತ್ತುವುದಿಲ್ಲ. ಎಂಜಿನ್ ಶುರು ಮಾಡು ಎಂಬ ಸಿಗ್ನಲ್ ದೀಪದ ಗುಂಡಿಯೂ ಅದೇ ಕೋಣೆಯಲ್ಲಿದೆ.

ಧಕ್ಕೆಯ ಮೇಲೆ ನಿಂತು ಪೊಲೀಸರಿಗೆ ಫೋನು ಮಾಡಿದೆ. ಏನನ್ನೂ ಮುಟ್ಟಬೇಡ, ಸಿಕ್ಕಿದ್ದನ್ನು ಸಿಕ್ಕಲ್ಲೇ ಬಿಡು, ನಾಳೆ ಬೆಳಿಗ್ಗೆ ಬರುತ್ತೇವೆ ಎಂದರು. ಆಗಲಿ ಎಂದೆ. ಕರವಸ್ತ್ರದ ಗಂಟು ನನ್ನ ಬ್ಯಾಗಿನಲ್ಲಿತ್ತು. ಇದರಿಂದ ಕೆಲಸ ಹೋಗುವ ಸಾಧ್ಯತೆ ಚೆನ್ನಾಗಿಯೇ ಇತ್ತು, ಆದರೆ ನಾಳೆ ಬೆಳಿಗ್ಗೆ ಆ ಹೆಂಗಸಿಗೆ ಅದನ್ನು ಕೊಟ್ಟು ಏನು ಪ್ರಯೋಜನ.

ಗಿಲ್‌ರಾಯ್ ಆಚೆ, ಬೆಳ್ಳುಳ್ಳಿ ಹೊಲಗಳ ಪಕ್ಕದಲ್ಲಿ ಒಂದು ಸ್ಮಶಾನವಿದೆ. ಪೆಟ್ಟಿಗೆ ಬೇಡ, ಸಿಮೆಂಟು ಬೇಡ ಎನ್ನುವವರಿಗಾಗಿ ಇರುವಂಥದ್ದು. ಕೂರಿಸಿ ಮಣ್ಣು ಮಾಡುತ್ತೇವೆ ಎಂದು ಸ್ನೇಹಲ್ ಅಲ್ಲಿಯ ಮ್ಯಾನೇಜರನ ಜೊತೆ ವಾದ ಮಾಡಿ ಒಪ್ಪಿಸಿದ್ದಳು. ಫ್ರೀವೇ ಪೂರ್ತಿ ಜಾಮಾಗಿತ್ತು. ಮೋರ್ಗನ್ ಹಿಲ್ ದಾಟುವಷ್ಟರಲ್ಲಿ ಮೂರಾಗಿತ್ತು. ನಾನು ಬರುವ ತನಕ ತಡೆಯಿರಿ ಎಂದು ಬಂಗಾರೆವ್ವನಿಗೆ ಫೋನು ಮಾಡಿದೆ. ಗುಂಡಿಯ ಮುಂದೆ ಕೂತಿದ್ದೇನೆ, ನೀನು ಬರುವ ತನಕ ಯಾರೂ ಇವರ ಮೇಲೆ ಮಣ್ಣು ಹಾಕುವುದಿಲ್ಲ ಎಂದರು.

ದಾರಿಯುದ್ದಕ್ಕೂ ಆಕಾಶನ ವಿಷಯವೇ ತಲೆಯಲ್ಲಿ. ಸ್ನೇಹಲ್ ಆ ಬೆಳಿಗ್ಗೆ ಅಮ್ಮನ ಜೊತೆ ಫ್ರೀಮಾಂಟಿನ ಮನೆಯಲ್ಲಿದ್ದೆ ಎಂದು ಪೊಲೀಸರಿಗೆ ಹೇಳಿದ್ದಳು, ಬಂಗಾರೆವ್ವ ತಲೆಯಾಡಿಸಿದ್ದರು. ಮ್ಯಾನಿ ಟಿಕೆಟ್ ಕಟ್ಟೆಯಲ್ಲಿ. ಹಾಗಾದರೆ ಹಡಗಿನಲ್ಲಿ ಉಳಿದವನು ಅಳಿಯ ಒಬ್ಬನೇ. ಕರಡಿಗೆ ಕೊರಳಲ್ಲಿರಬೇಕು ಎಂದು ಗೊತ್ತಿದ್ದವನೂ ಅವನೊಬ್ಬನೇ. ಲೆಕ್ಕ ಕೂಡಿಬರುತ್ತಿತ್ತು, ಲಿವರಿನ ಒಂದು ವಿಷಯ ಬಿಟ್ಟು.

ನಾನು ಹೋದಾಗ ಹೆಣವನ್ನು ಗುಂಡಿಗೆ ಇಳಿಸಿ, ಗೋಡೆಗೆ ಕೊರೆದ ಗೂಡಿನಲ್ಲಿ ಕೂರಿಸಿದ್ದರು. ಮಿಲ್ಪಿಟಾಸಿನಿಂದ ಬಂದ ಅಯ್ಯನವರು ಮೇಲೆ ನಿಂತು ಮಂತ್ರ ಹೇಳುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಇಲ್ಲಿ ಜಂಗಮರೆಂದರೆ ಅವರೇ. ಆಕಾಶ ಗುಂಡಿಯೊಳಗೆ ನಿಂತು ಮಾವನ ಭುಜ ಆನಿಸಿ ಹಿಡಿದಿದ್ದ. ಸ್ನೇಹಲ್ ಮೇಲೆ, ಎದುರು ಬದಿಯಲ್ಲಿದ್ದಳು. ಗುದ್ದಲಿಯ ಇಬ್ಬರು ಕೆಲಸಗಾರರು ದೂರದಲ್ಲಿ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಕರವಸ್ತ್ರವನ್ನು ಬಂಗಾರೆವ್ವನ ಮಡಿಲಲ್ಲಿಟ್ಟೆ. ಅವರು ಎಲ್ಲಿ ಸಿಕ್ಕಿತೆಂದು ಕೇಳಲಿಲ್ಲ. ಬಟ್ಟೆ ಬಿಚ್ಚಿ, ಲಿಂಗವನ್ನು ಬಾಟಲಿಯ ನೀರಿನಿಂದ ತೊಳೆದು, ಸೆರಗಿನಿಂದ ಒರೆಸಿ, ವಿಭೂತಿ ಹಚ್ಚಿದರು. ಆಮೇಲೆ ಬಹಳ ಹೊತ್ತು ಅದನ್ನು ಅಂಗೈಯಲ್ಲಿ ಹಿಡಿದು ಕೂತರು. ಅವರ ಕಣ್ಣೀರು ಅದರ ಮೇಲೇ ಬೀಳುತ್ತಿತ್ತು.

ಮನೆಯವರು ಯಾರಾದರೂ ಎಡಗೈಯಲ್ಲಿ ಇಡಿ ಎಂದರು ಅಯ್ಯನವರು.

ಬಂಗಾರೆವ್ವ ಬಗ್ಗಿ ಅಳಿಯನಿಗೆ ಚಾಚಿದರು. "ಇಡು ಆಕಾಶ. ಮಗ ಇದ್ದಂಗ ನೀನು."

ಆಕಾಶ ಕೈ ಒಡ್ಡಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನನ್ನ ಕೈಲಿ ಬೇಡ ಅತ್ತೆ."

"ಯಾಕ?"

"ಅವತ್ತು ಎಂಜಿನ್ ಸ್ಟಾರ್ಟ್ ಮಾಡಿದ್ದು ನಾನು."

ಅಯ್ಯನವರ ಮಂತ್ರ ನಿಂತಿತು. ಆ ಗುಂಡಿಯೊಳಗಿಂದ, ಸತ್ತ ಮಾವನ ಪಕ್ಕದಲ್ಲಿ ನಿಂತು, ಹುಡುಗ ಎಲ್ಲವನ್ನೂ ಹೇಳಿದ. ಮುಂದಿನ ಕೋಣೆಯಲ್ಲಿ ಎಂಜಿನ್ ಒರೆಸುತ್ತಿದ್ದನಂತೆ. ಶುರು ಮಾಡು ಎಂಬ ದೀಪ ಹತ್ತಿತಂತೆ, ಮಾಡಿದನಂತೆ. ಸ್ವಲ್ಪ ಹೊತ್ತಿಗೆ ನಿಲ್ಲಿಸು ಎಂಬ ದೀಪ ಹತ್ತಿತು, ನಿಲ್ಲಿಸಿದ. ಚಹಾ ಕುಡಿಯಲು ಮಾವನನ್ನು ಕರೆಯೋಣವೆಂದು ಹಿಂದೆ ಬಂದರೆ ಅವರು ನೆಲದಡಿಯ ಯಂತ್ರದ ಮೇಲೆ ಬೋರಲು ಬಿದ್ದಿದ್ದರು. ತಾನು ಓಡಿಸಿದ ಎಂಜಿನ್ನಿನ ಕರೆಂಟೇ ಅವರನ್ನು ಕೊಂದಿತು ಎಂದು ಆ ಗಳಿಗೆಯಲ್ಲೇ ಗೊತ್ತಾಯಿತು. ಮೇಲೆ ಎಳೆದು ಪ್ಯಾನೆಲ್ ಮುಂದೆ ಮಲಗಿಸಿದ, ತಗಡು ಮುಚ್ಚಿದ. ಅವರೇ ಪ್ಯಾನೆಲ್ ಮುಟ್ಟಿ ಸತ್ತರು ಎಂದು ಜನ ತಿಳಿಯಲಿ ಎಂದು.

"ನನ್ನಿಂದ ಸತ್ತರು ಅಂತ ಸ್ನೇಹಲ್‌ಗೆ ಹೇಗೆ ಹೇಳ್ಲಿ ಅತ್ತೆ? ಲೈಫ್‌ಲಾಂಗ್ ಅವಳು ನನ್ನ ಮುಖ ನೋಡಬೇಕಲ್ಲ." ಅವನಿಗೆ ಉಸಿರು ಸಾಲುತ್ತಿರಲಿಲ್ಲ. "ಕೊರಳು ಖಾಲಿ ಇತ್ತು. ಹಾಗೆ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ. ಬ್ಯಾಗಲ್ಲಿ ಕರಡಿಗೆ ಇತ್ತು, ತಂದು ಹಾಕಿದೆ. ಒಳಗೆ ಇಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು."

ಬಂಗಾರೆವ್ವ ಅವನನ್ನೇ ನೋಡುತ್ತಿದ್ದರು. ಬಯ್ಯಲಿಲ್ಲ. ಕೊಂದವನ ಭಕ್ತಿ ಎಲ್ಲಿಂದ ಬಂತೆಂದು ಬೆಳಿಗ್ಗೆ ಕೇಳಿಕೊಂಡಿದ್ದೆನಲ್ಲ, ಅದು ಭಕ್ತಿಯೂ ಆಗಿರಲಿಲ್ಲ. ಪ್ರೀತಿಯಾಗಿತ್ತು. ನನಗೆ ಆ ಹುಡುಗನ ಮೇಲೆ ಕರುಣೆ ಉಕ್ಕಿಬಂತು, ಆದರೂ ಕೇಳುವುದನ್ನು ಕೇಳಲೇಬೇಕಿತ್ತು.

"ಆಕಾಶ, ಆ ದೀಪ ಹತ್ತಿಸಿದ್ದು ಯಾರು?"

"ಮಾವ. ಇನ್ಯಾರು?"

"ಅದರ ಗುಂಡಿ ಇರೋದು ಪ್ಯಾನೆಲ್ ಕೋಣೆಯಲ್ಲಿ. ಮಾವ ಕೆಳಗಿದ್ದರು, ಯಂತ್ರದೊಳಗೆ ಕೈಯಿಟ್ಟು."

ಇಷ್ಟು ದಿನ ತಪ್ಪನ್ನು ಹೊತ್ತು ತಿರುಗಿದವನಿಗೆ ಈ ಸಣ್ಣ ಸಂಗತಿ ಹೊಳೆದೇ ಇರಲಿಲ್ಲ. ನಿಲ್ಲಿಸು ಎಂಬ ದೀಪ ಹತ್ತುವಾಗ ಮಾವ ಆಗಲೇ ಸತ್ತಿದ್ದರು ಎಂಬುದೂ ಹೊಳೆದಿರಲಿಲ್ಲ.

"ಇನ್ನೊಂದು," ಎಂದೆ. "ನಿನ್ನ ಎಂಜಿನ್ ಒಂದರಿಂದಲೇ ಅವರು ಸಾಯುವುದು ಸಾಧ್ಯವಿಲ್ಲ. ಪ್ಯಾನೆಲ್‌ನಲ್ಲಿ ಜನರೇಟರಿನ ಲಿವರ್ ಎಳೆಯಬೇಕು. ನೀನು ಎಳೆದೆಯಾ?"

"ಯಾವ ಲಿವರ್?" ಎಂದ ಆಕಾಶ. "ನನಗೆ ಪ್ಯಾನೆಲ್ ಮುಟ್ಟೋಕೇ ಬಿಡ್ತಿರ್ಲಿಲ್ಲ ಅವರು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಮಗಳಿಗೆ ಕರೆಂಟು, ಅಳಿಯನಿಗೆ ಎಣ್ಣೆ ಎಂದು ಮ್ಯಾನಿ ಹೇಳಿದ್ದು ನನಗೆ ನೆನಪಾಯಿತು. ಹೊಲದ ಕಡೆಯಿಂದ ಬೆಳ್ಳುಳ್ಳಿಯ ಘಾಟು ಗಾಳಿಯಲ್ಲಿ ಬರುತ್ತಿತ್ತು. ಗುದ್ದಲಿಯವರಲ್ಲೊಬ್ಬ ಹತ್ತಿರ ಬಂದು, ಇನ್ನು ತಡವಾದರೆ ನಾಳೆಗೆ ಎಂದು ಹೇಳಿ ಹೋದ.

"ಅವ್ವಾ, ಕೊಡು ಇಲ್ಲಿ," ಎಂದಳು ಸ್ನೇಹಲ್. ಬೂಟು ಬಿಚ್ಚಿ ಪಕ್ಕಕ್ಕಿಟ್ಟು ಗುಂಡಿಯ ಅಂಚಿಗೆ ಬಂದಿದ್ದಳು. "ನಾ ಇಡ್ತೀನಿ ಅಪ್ಪಗ."

ಬಂಗಾರೆವ್ವ ಲಿಂಗವಿದ್ದ ಮುಷ್ಟಿ ಮುಚ್ಚಿ ಎದೆಗೆ ಒತ್ತಿಕೊಂಡರು.

"ನೀ ಮುಟ್ಟಬ್ಯಾಡ."

ಆಮೇಲೆ ನನ್ನ ಕಡೆ ತಿರುಗಿದರು. ಆ ಮುಖ ನಾನು ಮರೆಯಲಾರೆ. ಗಂಡನನ್ನು ಕಳೆದುಕೊಂಡಾಗಲೂ ಅದು ಹಾಗೆ ಒಣಗಿರಲಿಲ್ಲ.

"ಪೊಲೀಸರ ಮುಂದ ನಾ ಸುಳ್ಳು ಹೇಳೀನಿ ತಂಗಿ. ಶನಿವಾರ ಮುಂಜಾನೆ ಸ್ನೇಹಲ್ ಮನ್ಯಾಗಿದ್ದಿಲ್ಲ. ಅಪ್ಪನ ಹಿಂದಿಂದನಽ ಕಾರ್ ತಗೊಂಡು ಹೋದ್ಲು. ಹೇಳಬ್ಯಾಡ ಅಂತ ನನ್ನ ಕಾಲ ಹಿಡದಿದ್ಲು."

ಯಾರ ಉತ್ತರಕ್ಕೂ ಅವರು ಕಾಯಲಿಲ್ಲ. ಮಣ್ಣಿನ ಮೇಲೆ ಕೂತು, ನೋಯುವ ಮಂಡಿಗಳನ್ನು ಒಂದೊಂದಾಗಿ ಗುಂಡಿಗೆ ಇಳಿಬಿಟ್ಟು, ನನ್ನನ್ನ ಇಳಸ್ರಿ ಎಂದರು. ಆಕಾಶ ಕೆಳಗಿನಿಂದ ಕೈ ಚಾಚಿ ಅವರನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಇಳಿಸಿಕೊಂಡ. ಅವರು ಗಂಡನ ಸುಟ್ಟ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಲಿಂಗವನ್ನು ಅಂಗೈಯಲ್ಲಿಟ್ಟರು. ಬೆರಳು ಮಡಚಿ ಅದರ ಮೇಲೆ ತಮ್ಮ ಕೈ ಮುಚ್ಚಿ, ಹೋಗಿ ಬರ್ರಿ ಎಂದರು.

ಸ್ನೇಹಲ್ ಬರಿಗಾಲಲ್ಲಿ ಅಂಚಿನಲ್ಲೇ ನಿಂತಿದ್ದಳು. ಅಮ್ಮ ಹೇಳಿದ್ದು ಸುಳ್ಳು ಎಂದು ಅವಳು ಹೇಳಲಿಲ್ಲ.